ಹನ್ನೊಂದನೆಯ ಹಲಗೆ

ಮೇ ತಿಂಗಳ ಕೊನೆಯ ಶನಿವಾರ ಇಸ್ಮೇ
ಮನೆಯಡಿಯಿಂದ ಹಲಗೆಗಳನ್ನು ಹೊರಗೆಳೆದು
ಬಿಸಿಲಿಗೆ ಒರಗಿಸುತ್ತಾಳೆ.
ಹನ್ನೊಂದು ಹಲಗೆ.
ಕಿಟಕಿ ಹತ್ತೇ.

ಕ್ಯಾರಿಯಾಕೂ ದ್ವೀಪದ ಮೇಲೆ ಆಕಾಶ
ತಾನು ಏನೂ ಮಾಡಿಲ್ಲವೆಂಬಂತೆ ನೀಲಿ.
ಮೇಕೆಗಳು ಗೋರಿಗಳ ನಡುವೆ ಒಣಹುಲ್ಲು ಹೆಕ್ಕುತ್ತಿವೆ.
ದೋಣಿಗಳಿನ್ನೂ ಕೊಲ್ಲಿಯಲ್ಲೇ ತೂಕಡಿಸುತ್ತಿವೆ,
ಕಾಂಡ್ಲಾಕಾಡಿನೊಳಗೆ ನುಗ್ಗಿ
ಬೇರಿಗೆ ಬೇರು ಹಗ್ಗ ಬಿಗಿದುಕೊಂಡು ಅವಿತು ಕೂರಲು
ಇನ್ನೂ ಸುದ್ದಿ ಬಂದಿಲ್ಲ.

ಗಾಳಿ ಬಂದಾಗ ತೂರಿಕೊಳ್ಳಬೇಕಂತೆ.
ಹಾಗೆಂದವರು ಕಣದಲ್ಲಿ ನಿಂತು ಹೇಳಿದ್ದು.
ಇಲ್ಲಿ ಮೊರ ಹಿಡಿಯುವುದೇ ಗಾಳಿ,
ಅದಕ್ಕೆ ಕಾಳು ಜೊಳ್ಳು ತಿಳಿಯದು:
ಹೋದ ಸಲ ಚರ್ಚಿನ ಸೂರು ಹೊತ್ತೊಯ್ದು
ರಮ್ ಅಂಗಡಿಯ ಕ್ಯಾಲೆಂಡರನ್ನು
ಮೊಳೆಯಲ್ಲೇ ಬಿಟ್ಟುಹೋಯಿತು.

ಪ್ರತಿ ಹಲಗೆಯ ಮೇಲೂ
ದೋಣಿಗೆ ಬಳಿದು ಮಿಕ್ಕ ಕೆಂಪು ಬಣ್ಣದಲ್ಲಿ
ಕನ್ಯೂಟನ ಕೈಬರಹ.
'ಪಡುವಣ, ಎರಡು. ಈ ತುದಿ ಮೇಲಕ್ಕೆ.'
'ಮಲಗುವ ಕೋಣೆ. ಮೊದಲು ಇದು.'
'ಬಚ್ಚಲು. ಮೊಳೆ ಸಾಲದು ಇಸ್ಮೇ, ಬೋಲ್ಟು ಹಾಕು.'
ಮೂವತ್ತು ವರ್ಷ ಹೂಂ, ಉಹೂಂನಲ್ಲೇ ಸಂಸಾರ ಮಾಡಿದವನು
ಹಲಗೆ ಕಂಡರೆ ಮಾತ್ರ ವಾಚಾಳಿ.
ಅವನನ್ನು ಒಯ್ದದ್ದು ಗಾಳಿಯಲ್ಲ.
ಸಕ್ಕರೆ ಕಾಯಿಲೆ,
ಎಲೆಯೊಂದೂ ಅಲುಗದ ಮಾರ್ಚಿನಲ್ಲಿ.

ಗಾಳಿ ಬಂದದ್ದು ಆಮೇಲೆ.
ಅಡುಗೆಮನೆ ಹೋಯಿತು, ಗೋಡೆ ಸಮೇತ ಕಿಟಕಿ ಹೋಯಿತು,
ಹಲಗೆ ಮಾತ್ರ ಎರಡು ಹೊಲದಾಚೆ
ಮುರಿದ ಜೀಗುಜ್ಜೆ ಮರದ ಬುಡದಲ್ಲಿ
ಮಕಾಡೆ ಬಿದ್ದು ಸಿಕ್ಕಿತು. ಒಂದು ಸೀಳೂ ಇಲ್ಲ.
ತಿರುಗಿಸಿದಳು:
'ಅಡುಗೆಮನೆ. ಇದು ಕೊನೆಗೆ. ಬೆಳಕು ಬೇಕಾಗುತ್ತೆ.'

ಕೆಲಸ ಬಹಳವಿದೆ.
ಚಾವಣಿಯ ತಗಡಿನ ಒಂದೊಂದು ತಿರುಪನ್ನೂ ಮುಟ್ಟಿ ನೋಡಬೇಕು,
ಹಲ್ಲು ಅಲುಗುತ್ತಿದೆಯೇ ಎಂದು ನಾಲಿಗೆ ನೋಡುವ ಹಾಗೆ.
ನೀರಿನ ತೊಟ್ಟಿ ತಿಕ್ಕಬೇಕು. ಮಾವಿನ ಆ ಕೊಂಬೆ,
ತಗಡಿನ ಮೇಲೆ ಚಾಚಿಕೊಂಡದ್ದು, ಕಾಯಿ ತುಂಬಿದ್ದರೂ ಕಡಿಯಬೇಕು.
ಭೂಮಿಯ ಪತ್ರ, ಪಾಸ್‌ಪೋರ್ಟು, ಅಮ್ಮನ ಒಂದೇ ಒಂದು ಫೋಟೊ
ಬಿಸ್ಕತ್ತಿನ ಡಬ್ಬಿಗೆ; ಡಬ್ಬಿ ಪ್ಲಾಸ್ಟಿಕ್ಕಿಗೆ;
ಪ್ಲಾಸ್ಟಿಕ್ಕು ಒಲೆಯೊಳಗೆ.
ಹೌದು, ಒಲೆಯೊಳಗೆ. ಹೋದ ಸಲ
ಮನೆಯಲ್ಲಿ ಕದಲದೆ ಕೂತದ್ದು ಅದೊಂದೇ.

ಮಧ್ಯಾಹ್ನ ಶೆರ್ಲಾನ್ ಬಂದ, ಬೇಲಿಯಾಚೆಯ ಹುಡುಗ,
ಹೆಂಡತಿಗೆ ಏಳು ತಿಂಗಳು.
ಅಂಗಡಿಯಲ್ಲಿ ಪ್ಲೈವುಡ್ ಮುಗಿದಿದೆಯಂತೆ,
ಹಡಗು ಮುಂದಿನ ವಾರವಂತೆ,
ಅದರ ಮುಂದಿನ ವಾರವೂ ಇರಬಹುದಂತೆ.
ಕೇಳಲಿಲ್ಲ ಅವನು. ಸುಮ್ಮನೆ
ಹಲಗೆಗಳನ್ನು ಎಣಿಸಿದ, ಕಿಟಕಿಗಳನ್ನು ಎಣಿಸಿದ,
ಮತ್ತೆ ತನ್ನ ಚಪ್ಪಲಿ ನೋಡಿಕೊಂಡ.

ಅಳೆದರು. ಮೂರು ಬೆರಳು ಹೆಚ್ಚು.
ಗರಗಸ ಇಸ್ಮೇಯ ಕೈಯಲ್ಲಿ.
ಬಲಗಡೆ ಕೊಯ್ದರೆ 'ಬೇಕಾಗುತ್ತೆ' ಹೋಗುತ್ತದೆ,
ಎಡಗಡೆ ಕೊಯ್ದರೆ ಬೋಲ್ಟಿನ ತೂತುಗಳು.
ಒಂದು ಕೋಳಿ ಅವಳ ನೆರಳನ್ನು ದಾಟಿ ಹೋಯಿತು.
ಮತ್ತೊಂದು ದಾಟಿತು.
'ತೂತು ಬೇಕಾದರೆ ಹೊಸದು ಕೊರೆದುಕೋ' ಎಂದು
ಎಡಕ್ಕೆ ಗರಗಸ ಇಟ್ಟಳು.

ಹೊಟ್ಟು ಉದುರಿತು, ಗಾಳಿಯಿಲ್ಲದೆ
ನೆಟ್ಟಗೆ ಕಾಲಬೆರಳುಗಳ ಮೇಲೆ.

ಅವನು ತಲೆಯ ಮೇಲೆ ಹಲಗೆ ಹೊತ್ತು ಹೊರಟಾಗ
ಹಿಂದಿನಿಂದ ಕೂಗಿದಳು:
'ಏ, ಅಕ್ಷರ ಒಳಮುಖ ಇರಲಿ!'
ಏಕೆಂದು ಅವನು ಕೇಳಲಿಲ್ಲ.
ಕೇಳಿದ್ದರೆ ಬಣ್ಣ ಮಳೆಗೆ ನೆನೆದು ಕೆಡುತ್ತದೆ
ಎಂದು ಹೇಳುವವಳಿದ್ದಳು.

ಉಳಿಯಿತು ಮೂರು ಬೆರಳಗಲದ ಪಟ್ಟಿ,
ನಾಲ್ಕು ತೂತು. ಏನೂ ಬರೆದಿಲ್ಲ.
ಕೋಳಿಗೂಡಿನ ಬಾಗಿಲಿಗೆ ಅಗುಳಿ ಬೇಕಿತ್ತು.
ಸರಿಹೋಯಿತು.